ಬೋಲ್ಟ್ ಹಾಕಿದ ಹಲಗೆ

"ಆ ಸಾಮಾನು ಇಳಿಸಯ್ಯ ಕೆಳಗೆ," ಎಂದ ಕಂಡಕ್ಟರ್.

ಅಕ್ಕನನ್ನು ಬೆನ್ನ ಮೇಲೆ ಹೊತ್ತ ತಮ್ಮ, ಮಡಚಿದ ಗಾಲಿಕುರ್ಚಿಯನ್ನು ಒಂದು ಕೈಯಲ್ಲಿ ಎಳೆಯುತ್ತ ಬಸ್ಸಿನ ಎರಡನೇ ಮೆಟ್ಟಿಲ ಮೇಲೆ ನಿಂತಿದ್ದ. ಯಾವ ಸಾಮಾನು ಅಂತ ಕೇಳಿದ.

"ಎರಡೂನೂ."

ಒಳಗೆ ಯಾರೋ ಕಿಸಕ್ಕನೆ ನಕ್ಕರು. ತಮ್ಮ ಇಳಿದ. ಬಸ್ಸು ಇಬ್ಬರ ಮುಖಕ್ಕೂ ಹೊಗೆ ಉಗುಳಿ ಹೋಯಿತು.

ಅಕ್ಕನನ್ನು ಬೀದಿಯವರೆಲ್ಲ ಗುಂಡಿಯಕ್ಕ ಅನ್ನುತ್ತಿದ್ದರು. ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುವುದು ಅವಳ ಕೆಲಸ. ಸೊಂಟದ ಕೆಳಗೆ ಹುಟ್ಟಿನಿಂದಲೇ ಬಲವಿರಲಿಲ್ಲ. ಆ ಬಲವೆಲ್ಲ ನಾಲಗೆಗೆ ಹೋಗಿದೆ ಎಂದು ತಮ್ಮ ಚುಡಾಯಿಸುತ್ತಿದ್ದ. ಅವನು ಮಂಡಿಯಲ್ಲಿ ಹಮಾಲಿ. ಬೆಳಿಗ್ಗೆ ಅವನ ಮೊದಲ ಹೊರೆ ಅಕ್ಕ, ಆಮೇಲೆ ಮೂಟೆಗಳು.

ಅವರ ಮನೆಗೆ ಇದು ಹೊಸದಲ್ಲ. ಸೋದರಮಾವನಿಗೂ ಕಾಲು ಬರುತ್ತಿರಲಿಲ್ಲ. ಅವನ ಕಾಲದಲ್ಲಿ ಬಸ್ಸಿನವರು ಅವನನ್ನು ಹಗ್ಗ ಕಟ್ಟಿ ಟಾಪಿನ ಮೇಲೆ ಎಳೆದುಕೊಂಡು ಕೋಳಿಬುಟ್ಟಿಗಳ ನಡುವೆ ಕೂರಿಸುತ್ತಿದ್ದರು. ಒಂದು ಸಲ ಕೋಳಿಗಳನ್ನೆಲ್ಲ ಇಳಿಸಿಕೊಂಡು, ಅವನನ್ನು ಮರೆತು ಡಿಪೋಗೇ ಒಯ್ದಿದ್ದರು. ಆಮೇಲೆ ಬಂದ ಬಸ್ಸುಗಳಲ್ಲಿ ಡ್ರೈವರ್ ಹಿಂದಿನ ಸೀಟಿಗೆ 'ಅಂಗವಿಕಲರಿಗೆ' ಎಂದು ಬರೆಸಿದರು. ಅಲ್ಲಿಗೆ ಮುಟ್ಟಲು ಮೊಣಕಾಲೆತ್ತರದ ಮೆಟ್ಟಿಲುಗಳಿದ್ದವು. ಮಾವ ಆ ಸೀಟು ನೋಡದೆಯೇ ಸತ್ತ.

ಹಾಗಾಗಿ ತಗ್ಗು ನೆಲದ ಹೊಸ ಬಸ್ಸುಗಳು ಬಂದಾಗ ಗುಂಡಿಯಕ್ಕ ನಂಬಿಬಿಟ್ಟಳು. ನಡುಬಾಗಿಲಿನ ಹತ್ತಿರ ನೆಲಕ್ಕೆ ಹೊಂದಿಸಿದ ಕಬ್ಬಿಣದ ಹಲಗೆ. ಬಿಡಿಸಿ ಹೊರಗೆ ಚಾಚಿದರೆ ಕುರ್ಚಿ ತಾನೇ ತಾನಾಗಿ ಒಳಗೆ ಹೋಗುತ್ತದೆ. ಉದ್ಘಾಟನೆಗೆ ಕುರ್ಚಿಯವರು ಒಬ್ಬರು ಬೇಕಾಗಿತ್ತು, ಇವಳನ್ನು ಕರೆದೊಯ್ದರು. ಫೋಟೋದವನಿಗೆ ಬಿಸಿಲು ಸರಿಹೋಗುವ ತನಕ ಹತ್ತಿಸಿದರು, ಇಳಿಸಿದರು, ಮತ್ತೆ ಹತ್ತಿಸಿದರು. ಸಾರಿಗೆಯ ದೊಡ್ಡ ಸಾಹೇಬರು ಅವಳ ತಲೆಯ ಮೇಲೆ ಕೈಯಿಟ್ಟು, ಇನ್ನು ನೀನು ಯಾರ ಹಂಗಿನಲ್ಲೂ ಇಲ್ಲಮ್ಮ ಎಂದರು. ಅವಳು ಕೈಮುಗಿದಳು. ಆ ಫೋಟೋ ಬಸ್ಸಿನ ಮೈಮೇಲೆ ಬಂತು.

ಹಲಗೆ ಕೆಲವು ವಾರ ತೆರೆಯಿತು. ಡ್ರೈವರ್ ಗೊಣಗುತ್ತ ಇಳಿದು ಬರುತ್ತಿದ್ದ. ಆಮೇಲೆ ಟೈಮಿಲ್ಲ ಎಂದು ಇಳಿಯುವುದನ್ನೇ ಬಿಟ್ಟ. ಒಂದು ದಿನ ನೋಡಿದರೆ ಹಲಗೆಯ ನಾಲ್ಕೂ ಮೂಲೆಗೆ ಬೋಲ್ಟ್. ಓಡುವಾಗ ಗಡಗಡ ಸದ್ದು ಮಾಡುತ್ತದೆಂದು ಜನ ದೂರು ಕೊಟ್ಟರಂತೆ. ತಮ್ಮ ಮತ್ತೆ ಎತ್ತತೊಡಗಿದ. ಎತ್ತಿ ಎತ್ತಿ ಮಂಡಿಯಲ್ಲೇ ಒಂದು ದಿನ ಮೂಟೆ ಸಮೇತ ಕುಸಿದ. ಸೊಂಟದ ಮೂಳೆ ಜರುಗಿದೆ, ಇನ್ನು ಬಿಂದಿಗೆಯನ್ನೂ ಎತ್ತಬೇಡ ಎಂದರು ಡಾಕ್ಟರು. ಕಾರ್ಖಾನೆಯಲ್ಲಿ ಮೇಸ್ತ್ರಿ, ಇನ್ನೊಂದು ಸಲ ತಡವಾದರೆ ಮನೇಲೇ ಇರು ಎಂದು ಗುಂಡಿಯಕ್ಕನಿಗೆ ಹೇಳಿಬಿಟ್ಟ.

ಅವಳು ಸಾರಿಗೆ ಕಚೇರಿಗೆ ಹೋದಳು. ಸಾಹೇಬರು ಕೂರುವುದು ಮಹಡಿಯ ಮೇಲೆ. ಜವಾನ ಹೋಗಿ ಬಂದು, ಮೇಲೆ ಬರಬೇಕಂತೆ ಎಂದ. ಅವಳು ಮೆಟ್ಟಿಲ ಬುಡದಲ್ಲಿ ಕುರ್ಚಿ ನಿಲ್ಲಿಸಿಕೊಂಡು, ಕಚೇರಿಯವರೆಲ್ಲ ಎದ್ದು ಬರುವ ಹಾಗೆ ಕೂಗಿದಳು. ಕಡೆಗೆ ಸಾಹೇಬರು ಮೆಟ್ಟಿಲ ತಿರುವಿನ ತನಕ ಇಳಿದರು. ಅವಳ ಮುಖ ಅವರಿಗೆ ನೆನಪಿರಲಿಲ್ಲ.

"ಆ ಹಲಗೆ ಮೇಲೆ ಯಾರೂ ಹತ್ತೋದೇ ಇಲ್ವಲ್ಲಮ್ಮ," ಎಂದರು ಸಮಾಧಾನವಾಗಿ. "ಬೋಲ್ಟ್ ತೆಗೆದು ಯಾರಿಗೆ?"

"ಬೋಲ್ಟ್ ಹಾಕಿದ್ರೆ ಯಾರು ಹತ್ತಾರೆ ಸ್ವಾಮಿ?"

ಅವರು ವಾಚು ನೋಡಿಕೊಂಡು ಮೇಲಕ್ಕೆ ಹೋದರು.

ಮರುದಿನ ಬೆಳಿಗ್ಗೆ ತಮ್ಮ ಕುರ್ಚಿ ತಳ್ಳಿಕೊಂಡು ಅವಳನ್ನು ಸ್ಟಾಪಿಗೆ ಕರೆತಂದ. ಬಸ್ಸು ಬಂದು ನಡುಬಾಗಿಲು ತೆರೆಯಿತು. ಅವಳು ಕುರ್ಚಿಯಿಂದ ಜಾರಿ ಬಾಗಿಲ ಅಂಚಿನಲ್ಲಿ, ಕಾಲು ರಸ್ತೆಗೆ ಬಿಟ್ಟುಕೊಂಡು ಕೂತಳು. ಬಸ್ಸಿನೊಳಗೆ ಪಕ್ಕದಲ್ಲೇ ಇದ್ದ ಕಂಬವನ್ನು ಎರಡೂ ತೋಳಿನಲ್ಲಿ ತಬ್ಬಿದಳು. ಬಾಗಿಲು ಮುಚ್ಚಲು ಬಂದು ಅವಳ ಭುಜಕ್ಕೆ ಬಡಿದು ಹಿಂದಕ್ಕೆ ಹೋಯಿತು.

ಹತ್ತು, ಇಲ್ಲ ಇಳಿ ಎಂದು ಕಂಡಕ್ಟರ್ ಗದರಿದ. ಅವಳು ಎರಡೂ ಮಾಡಲಿಲ್ಲ. ಡ್ರೈವರ್ ಬಂದು, ಕುಂಟಿ ಮುಂಡೆ, ಬೆಳಿಗ್ಗೆ ಬೆಳಿಗ್ಗೆ ಗಂಟು ಬಿದ್ದಳು ಎಂದ. ಮೈ ಮುಟ್ಟಿದರೆ ಕೈ ಕಚ್ಚುತ್ತೇನೆ ಎಂದಳು. ಅವನು ಮುಟ್ಟಲಿಲ್ಲ. ಹಿಂದೆ ಬಸ್ಸುಗಳು ಸಾಲುಗಟ್ಟಿ ಹಾರ್ನ್ ಒತ್ತತೊಡಗಿದವು. ಒಳಗಿನವರು ಬೈಯುತ್ತ ಮುಂಬಾಗಿಲಿನಿಂದ ಇಳಿಯತೊಡಗಿದರು. ಬೈಗುಳವನ್ನು ಅವಳು ಸಹಿಸಿದಳು. ಆದರೆ ಅವಳದೇ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು, ಊಟದ ಡಬ್ಬಿ ಹಂಚಿಕೊಳ್ಳುವವಳು, ಬಂದು ಕಿವಿಯ ಹತ್ತಿರ ಬಗ್ಗಿದಳು.

"ನಿನಗಾಗಿ ನಮ್ಮ ಅರ್ಧ ದಿನದ ಕೂಲಿ ಹೋಗ್ತಿದೆ ಕಣೆ. ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀತೀಯಾ?"

ಗುಂಡಿಯಕ್ಕನ ಕಣ್ಣು ತುಂಬಿತು. ಕಂಬ ಮಾತ್ರ ಬಿಡಲಿಲ್ಲ.

ಕಂಡಕ್ಟರ್ ದನಿ ಇಳಿಸಿದ. "ಆಯ್ತಮ್ಮ, ನಾವೇ ಇಬ್ಬರು ಎತ್ತಿ ಕೂರಿಸ್ತೀವಿ. ಕುರ್ಚೀನೂ ಹಾಕ್ಕೋತೀವಿ. ಸರಿ ತಾನೆ?"

ಹಿಂದಿನ ದಿನವಾಗಿದ್ದರೆ ಅವಳು ಹೂಂ ಅನ್ನುತ್ತಿದ್ದಳು.

"ಇವತ್ತು ಎತ್ತೀರಿ. ನಾಳೆ?" ಎಂದಳು. "ನನ್ನ ಎತ್ತಬೇಡಿ. ಬೋಲ್ಟ್ ಬಿಚ್ಚಿ."

ಡ್ರೈವರಿಗೆ ರೇಗಿತು. ತಾನಾಗೇ ಬೀಳ್ತಾಳೆ ಬಿಡು ಎನ್ನುತ್ತ ಹೋಗಿ ಗಾಡಿ ಶುರು ಮಾಡಿದ. ಬಸ್ಸು ಒಂದು ಗೇಣು ಮುಂದೆ ಸರಿಯಿತು. ಅವಳ ಕಾಲುಗಳು ಡಾಂಬರಿನ ಮೇಲೆ ಎಳೆದುಕೊಂಡು ಬಂದವು. ಒಂದು ಚಪ್ಪಲಿ ಹಿಂದೆ ಉಳಿಯಿತು.

ಅಲ್ಲಿಯವರೆಗೂ ತಮ್ಮ, ಸಾಕು ಬಿಡಕ್ಕ, ಮನೆಗೆ ಹೋಗೋಣ ಎಂದು ಗೋಗರೆಯುತ್ತಿದ್ದ. ಈಗ ಅವನು ಮಾತು ನಿಲ್ಲಿಸಿದ. ಒಂದು ಕೈಯಲ್ಲಿ ಸೊಂಟ ಹಿಡಿದು, ಇನ್ನೊಂದರಲ್ಲಿ ಖಾಲಿ ಕುರ್ಚಿಯನ್ನು ತಳ್ಳಿಕೊಂಡು ಬಸ್ಸಿನ ಮುಂದಕ್ಕೆ ಹೋದ. ಗಾಲಿಗೆ ಬ್ರೇಕ್ ಹಾಕಿದ. ಹಲ್ಲು ಕಚ್ಚಿ ಮೆಲ್ಲಗೆ ಅದರಲ್ಲಿ ಕೂತ. ಡ್ರೈವರಿಗೆ ಗಾಜಿನಿಂದ ಕಂಡದ್ದು ಅವನ ನೆತ್ತಿ ಮಾತ್ರ.

ಎಂಜಿನ್ ನಿಂತಿತು.

ಡ್ರೈವರ್ ಎರಡು ಕಡೆ ಫೋನ್ ಮಾಡಿದ, ಪೊಲೀಸ್ ಠಾಣೆಗೊಂದು, ಬೋಲ್ಟ್ ಬಿಚ್ಚುವ ಮೆಕ್ಯಾನಿಕ್ ಇರುವ ಡಿಪೋಗೊಂದು. ಜನ ಚದುರಿದರು. ಕಾಲರ್ ಹೊಲಿಯುವವಳು ತಿರುಗಿ ನೋಡದೆ ನಡೆದುಹೋದಳು. ಕೂತಲ್ಲಿಂದ ಅಕ್ಕನಿಗೆ ತಮ್ಮ ಕಾಣುತ್ತಿರಲಿಲ್ಲ.

"ಸೊಂಟ ನೋಯ್ತಿದ್ಯೇನೋ?" ಎಂದು ಕೂಗಿದಳು.

"ಇಲ್ಲ ಕಣಕ್ಕ," ಎಂದ ಅವನು ಬಸ್ಸಿನ ಆ ಕಡೆಯಿಂದ. "ಕುರ್ಚಿ ಚೆನ್ನಾಗಿದೆ."

ನಿಂತ ಬಸ್ಸುಗಳ ಪಕ್ಕದಲ್ಲಿ ಒಂದು ಗಾಡಿ ದಾರಿ ಬಿಡಿಸಿಕೊಂಡು ಬರುತ್ತಿತ್ತು. ಠಾಣೆಯದೋ ಡಿಪೋದ್ದೋ ದೂಳಿನಲ್ಲಿ ತಿಳಿಯಲಿಲ್ಲ. ಅವಳು ಕಂಬವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.