ಶನಿಗ್ರಹದ ದಾರಿಯಲ್ಲಿ ಕಾಫಿ

ನಾನು ಒಂದು ಕಾದಂಬರಿ. ಹೆಸರು 'ಉಂಗುರದಾಚೆಯ ಊರು'. ಶನಿಗ್ರಹಕ್ಕೆ ರಾಕೆಟ್ಟಿನಲ್ಲಿ ಹೋಗಿಬಂದ ಐವರ ಸಾಹಸ ನನ್ನ ಹೊಟ್ಟೆಯಲ್ಲಿದೆ. ನಾನು ಹುಟ್ಟಿದ್ದು ಅಚ್ಚುಮೊಳೆಯ ಕಾಲದಲ್ಲಿ. ನನ್ನಲ್ಲಿ ಅಚ್ಚಿನ ತಪ್ಪು ಹದಿನೇಳಿವೆ, ವಿಜ್ಞಾನದ ತಪ್ಪು ಅದಕ್ಕಿಂತ ಹೆಚ್ಚು. ಆದರೂ ನನ್ನನ್ನು ಹಿಡಿದವರು ಅನ್ನ ಆರಿ ತಣ್ಣಗಾದರೂ ಕೆಳಗಿಟ್ಟವರಲ್ಲ. ಜಂಬವೆನ್ನುತ್ತೀರಾ? ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ!

ಭದ್ರಾವತಿಯ ಹಳೇನಗರದಲ್ಲಿದ್ದ ಗುರುಶಾಂತಪ್ಪನವರ ಸರ್ಕ್ಯುಲೇಟಿಂಗ್ ಲೈಬ್ರರಿ ನನ್ನ ಮೊದಲ ಮನೆ. ಅಲ್ಲಿನ ಓದುಗರಿಗೆ ಒಂದು ಅಭ್ಯಾಸವಿತ್ತು. ಓದಿದ ಪುಸ್ತಕವನ್ನೇ ಮರೆತು ಮತ್ತೆ ಒಯ್ಯಬಾರದೆಂದು ಪುಟ ಮೂವತ್ತೊಂದರ ಮೂಲೆಯಲ್ಲಿ ತಂತಮ್ಮ ಗುರುತು ಹಾಕುತ್ತಿದ್ದರು. ಒಬ್ಬರದು ಸೊನ್ನೆ, ಇನ್ನೊಬ್ಬರದು ಇಂಟು. ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದ ಮಲ್ಲೇಶಪ್ಪನ ಮಗಳು, ಏಳನೇ ಕ್ಲಾಸಿನ ವಾರಿಜಾಳದು ತ್ರಿಕೋನದೊಳಗೊಂದು ಚುಕ್ಕೆ. ಮಿಕ್ಕವರೆಲ್ಲ ಒಂದೇ ಗುರುತಿಗೆ ನಿಲ್ಲಿಸಿದರು. ಅವಳು ನಾಲ್ಕು ಸಲ ಒಯ್ದು ನಾಲ್ಕು ತ್ರಿಕೋನ ಬರೆದಳು.

ನಾಲ್ಕನೆಯ ಸಲ ಅವಳ ಪೆನ್ಸಿಲು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಪುಟ ನೂರಾ ಎಂಬತ್ತೆಂಟರಲ್ಲಿ ಕ್ಯಾಪ್ಟನ್ ಮೂರ್ಛೆ ಹೋಗುತ್ತಾನೆ, ರಾಕೆಟ್ಟು ತಲೆಕೆಳಗಾಗುತ್ತದೆ. ದೊಡ್ಡ ವಿಜ್ಞಾನಿ ಎನಿಸಿಕೊಂಡ ಸುಮಿತ್ರೆ ಮೂಲೆಯಲ್ಲಿ ಅಳುತ್ತ ಕೂತರೆ, ಅಡುಗೆಯ ನಾಣಿ ಬಂದು ಚುಕ್ಕಾಣಿ ಹಿಡಿಯುತ್ತಾನೆ! ನನ್ನನ್ನು ಬರೆದಾತನಿಗೆ ಹೀಗೇಕೆ ತೋಚಿತೋ, ನಾನರಿಯೆ. ವಾರಿಜಾ ಪುಟದ ಕೆಳಗೆ ದುಂಡಗೆ ಬರೆದಳು: 'ಸುಮಿತ್ರೆ ಕಣ್ಣೊರೆಸಿಕೊಂಡು ಎದ್ದಳು. ನಾಣಿಯನ್ನು ಪಕ್ಕಕ್ಕೆ ಸರಿಸಿ ರಾಕೆಟ್ಟನ್ನು ಭೂಮಿಯ ಕಡೆ ತಿರುಗಿಸಿದಳು.'

"ಯಾರಪ್ಪಾ ಇದು ಅಧಿಕಪ್ರಸಂಗಿ?" ಎಂದು ಗೊಣಗುತ್ತ ಗುರುಶಾಂತಪ್ಪನವರು ಅದರ ಮೇಲೆ ಮೈದಾ ಅಂಟಿನಿಂದ ಕಂದು ಕಾಗದ ಮೆತ್ತಿದರು. ಅಂದಿನಿಂದ ಆ ಎರಡು ಸಾಲು ನನ್ನೊಬ್ಬನ ಗುಟ್ಟಾಗಿ ಉಳಿದವು.

ನಲವತ್ತೆಂಟು ವರ್ಷ ಕಳೆಯಿತು. ಲೈಬ್ರರಿ ಮುಚ್ಚಿತು. ನಮ್ಮನ್ನೆಲ್ಲ ಮೂಟೆ ಕಟ್ಟಿ ಒಂದು ಹೈಸ್ಕೂಲಿಗೆ ಕೊಟ್ಟರು. ಯಾವುದು ಮಕ್ಕಳ ಬೀರುವಿಗೆ, ಯಾವುದು ರದ್ದಿಗೆ ಎಂದು ಆರಿಸಲು ಕೂತವರು ಆ ತಿಂಗಳು ನಿವೃತ್ತರಾಗಲಿದ್ದ ವಿಜ್ಞಾನದ ಟೀಚರು. ಪುಟ ಮೂವತ್ತೊಂದು ತೆರೆದವರೇ ನನ್ನನ್ನು ಎದೆಗೊತ್ತಿಕೊಂಡರು. ನನಗೂ ಗುರುತು ಸಿಕ್ಕಿತು. ಅದೇ ವಾರಿಜಾ!

"ಇದೇ ಕಣ್ರೀ ಹಾಲೇಶಪ್ಪನೋರೇ!" ಎಂದು ಅವರು ಕನ್ನಡ ಮೇಷ್ಟ್ರಿಗೆ ಕೂಗಿ ಹೇಳಿದರು. "ಇದನ್ನ ಓದೇ ನಾನು ಸೈನ್ಸ್ ತಗೊಂಡಿದ್ದು. ಇದ್ರಲ್ಲಿ ರಾಕೆಟ್ ಓಡ್ಸೋದು ಹೆಂಗಸು! ಮೂವತ್ತು ವರ್ಷದಿಂದ ಹುಡುಗೀರಿಗೆ ಈ ಕಥೆ ಹೇಳ್ಕೊಂಡೇ ಬಂದಿದೀನಿ."

ಅವತ್ತೇ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಓದಲು ಕೂತರು. ಶನಿಯ ಉಂಗುರ ಮೊದಲು ಕಾಣುವ ಪುಟದಲ್ಲಿ ಅವರ ಕಣ್ಣು ಹನ್ನೆರಡು ವರ್ಷದ್ದಾಯಿತು. ಆಮೇಲೆ ಮುಖ ಸಪ್ಪಗಾಗುತ್ತ ಹೋಯಿತು. ಪುಟ ನಲವತ್ತರಲ್ಲಿ ಸುಮಿತ್ರೆ ಕ್ಯಾಪ್ಟನ್ನನಿಗೆ ಕಾಫಿ ಮಾಡಿಕೊಡುತ್ತಾಳೆ. ಎಪ್ಪತ್ತೆರಡರಲ್ಲಿ ಮತ್ತೆ ಕಾಫಿ. ನೂರಾ ಎಂಬತ್ತೆಂಟಕ್ಕೆ ಬಂದು ಕನ್ನಡಕ ತೆಗೆದರು.

"ನಾಣಿ ಓಡಿಸ್ತಾನಲ್ರೀ! ಹಂಗಾದ್ರೆ ಇಷ್ಟು ವರ್ಷ ಮಕ್ಕಳಿಗೆ ನಾನು ಸುಳ್ಳು ಹೇಳಿದ್ನಾ?"

"ಹಳೇ ಕಾದಂಬರಿ ಮೇಡಂ, ಹಂಗೇ ಇರ್ತವೆ. ರದ್ದಿಗೆ ಹಾಕಿ."

"ಆ ಉಂಗುರದ ವರ್ಣನೆ ಓದಿದ್ರೆ ಈಗ್ಲೂ ಮೈ ಜುಮ್ಮನ್ನುತ್ತೆ. ಎಸೆಯೋಕೆ ಮನಸ್ಸಿಲ್ಲ. ಆದ್ರೆ ಹುಡುಗೀರ ಕೈಗೆ ಇದನ್ನ ಹೆಂಗೆ ಕೊಡ್ಲಿ?"

ಬಹಳ ಹೊತ್ತು ನನ್ನ ಬೆನ್ನು ಸವರಿ, ಕೊನೆಗೆ ನಿಟ್ಟುಸಿರು ಬಿಟ್ಟು ರದ್ದಿಯ ರಾಶಿಗೆ ಹಾಕಿದರು. ನನಗೆ ನೋವಾಯಿತು, ಸುಳ್ಳೇಕೆ ಹೇಳಲಿ? ಆದರೆ ನನ್ನೊಳಗಿನ ಬೆಳ್ಳಿಹುಳುಗಳು ಇಷ್ಟು ವರ್ಷ ಆ ಮೈದಾ ಅಂಟನ್ನು ತಿಂದು ತೇಗಿದ್ದವು. ನಾನು ಬಿದ್ದ ಏಟಿಗೆ ಪುಟ ತೆರೆಯಿತು, ಕಂದು ಕಾಗದ ಕಳಚಿ ನೆಲಕ್ಕೆ ಬಿತ್ತು.

ಹಾಲೇಶಪ್ಪ ಬಗ್ಗಿ ಪೆನ್ಸಿಲಿನ ಸಾಲುಗಳನ್ನು ಗಟ್ಟಿಯಾಗಿ ಓದಿದರು. "ಯಾವ್ದೋ ಮಗು ಬರ್ದಿದೆ ಮೇಡಂ."

ವಾರಿಜಾ ಆ ದುಂಡು ಅಕ್ಷರಗಳನ್ನೇ ನೋಡಿದರು. ನಗುತ್ತಲೇ ಕಣ್ಣು ತುಂಬಿಕೊಂಡರು. "ನಾನೇ ಕಣ್ರೀ ಅದು," ಎಂದರು.

ಈಗ ನನ್ನ ವಾಸ ಶಾಲೆಯ ಬೀರುವಿನ ಮೂರನೇ ಸಾಲಿನಲ್ಲಿ. ಕಂದು ಕಾಗದವನ್ನು ಯಾರೂ ಮತ್ತೆ ಅಂಟಿಸಲಿಲ್ಲ. ನಿವೃತ್ತಿಯ ದಿನ ವಾರಿಜಾ ನನ್ನ ಬೆನ್ನಿಗೆ ದಾರ ಕಟ್ಟಿ, ಅದಕ್ಕೊಂದು ಪೆನ್ಸಿಲು ತೂಗುಹಾಕಿ ಹೋದರು. ಪುಟ ಮೂವತ್ತೊಂದರಲ್ಲಿ ಹೊಸ ಗುರುತುಗಳು ಬೀಳುತ್ತಿವೆ. ಮೊನ್ನೆ ಪುಟ ನಲವತ್ತರ ಕೆಳಗೆ ಎಂಟನೇ ಕ್ಲಾಸಿನ ಒಬ್ಬಳು ಬರೆದಿದ್ದಾಳೆ: 'ಕಾಫಿ ಕುಡಿದಾಯ್ತಲ್ಲ ಕ್ಯಾಪ್ಟನ್, ಲೋಟ ನೀವೇ ತೊಳೀರಿ. ಸುಮಿತ್ರಾ ಮೇಡಂಗೆ ಕೆಲ್ಸ ಇದೆ.'