ಕುರಿ ಜಿಗಿತ

ನನ್ನ ಗಂಡ ಲೇಬೆರೆಶ್ಟ್ ತಮ್ಮ ಪಿಂಗಾಣಿ ಕಾರ್ಖಾನೆಯಲ್ಲಿ ಹುಲಿ. ಅವರು ಕೆಮ್ಮಿದರೆ ಕುಲುಮೆಯವರೂ ಗುಮಾಸ್ತರೂ ಎದ್ದು ನಿಲ್ಲುತ್ತಿದ್ದರು. ಯುದ್ಧ ಸೋತು ದೊರೆ ಓಡಿಹೋದ ಮೇಲೆ, ರಾಜ್ಯವಾಳುವುದೂ ಕಾರ್ಖಾನೆ ನಡೆಸಿದಷ್ಟೇ ಎಂದುಕೊಂಡು ನಮ್ಮ ಪುಟ್ಟ ಪ್ರಾಂತದ ಶಾಸನಸಭೆಗೆ ನಿಂತು ಗೆದ್ದರು. ಅಲ್ಲಿ ಅವರೇನು ಎನ್ನುವುದು ನನಗೆ ಗೊತ್ತಾಗಲು ಹತ್ತು ವರ್ಷವೇ ಬೇಕಾಯಿತು.

ಅಂದು ಹೊಸ ಮಂತ್ರಿಮಂಡಲಕ್ಕೆ ವಿಶ್ವಾಸಮತ. ಪೊಲೀಸ್ ಖಾತೆ ಬೀದಿಗಳಲ್ಲಿ ಹೊಡೆದಾಡುವ ಕಂದು ಅಂಗಿ ಪಕ್ಷದವರಿಗೆ ಎಂದು ಒಪ್ಪಂದವಾಗಿತ್ತು. ನಮ್ಮ ಅಳಿಯ ರುಪ್ರೆಶ್ಟ್ ಕಾರ್ಮಿಕರ ಪತ್ರಿಕೆಯ ಸಂಪಾದಕ. ಆ ಪುಂಡರು ಅವನ ಅಚ್ಚುಕೂಟಕ್ಕೆ ನುಗ್ಗಿದಾಗ ಪೊಲೀಸರು ಬಂದದ್ದರಿಂದ ಜೀವ ಉಳಿದಿತ್ತು. ಆ ಪೊಲೀಸರೇ ಅವರ ಕೈಗೆ ಹೋದರೆ?

"ಅಪ್ಪ, ಬೇಡ ಅಂತಾನೇ ಮತ ಹಾಕ್ತೀರಲ್ವಾ?" ಎಂದು ಮಗಳು ಇರ್ಮೇಲಾ ಬೆಳಿಗ್ಗೆ ಕೇಳಿದಳು.

"ಹುಚ್ಚೀ, ಅದನ್ನೂ ಕೇಳ್ತಾರೇನೆ?"

ಸಭಾಭವನದ ಮೊಗಸಾಲೆಯಲ್ಲಿ, ಆ ಒಪ್ಪಂದಕ್ಕೆ ಕೈಜೋಡಿಸಿದ್ದ ಇವರದೇ ಪಕ್ಷದ ನಾಯಕ ಫೋಲ್ಕ್‌ಹಾರ್ಟ್ ನಮ್ಮನ್ನು ತಡೆದ. "ಕರೆಂಟ್ ಕಂಬದ ಪಿಂಗಾಣಿ ಸರ್ಕಾರ ನಿಮ್ಮತ್ರಾನೇ ತಗೊಳ್ಳೋದಲ್ವಾ? ಬೇರೆ ಕಡೆನೂ ಸಿಗುತ್ತೆ ಸ್ವಾಮಿ."

"ಬೆದರಿಸ್ತಿದ್ದೀರಾ?"

"ಛೆ ಛೆ, ಮಾತಿಗೆ ಹೇಳ್ದೆ."

ನನ್ನವರ ಮುಖ ಸುಣ್ಣವಾಯಿತು. ನಾನು ಹೆದರಿಕೊಂಡೇ ಪ್ರೇಕ್ಷಕರ ಮಾಳಿಗೆ ಹತ್ತಿದೆ.

ಕೈಯೆತ್ತಿದವರ ಲೆಕ್ಕ ಹೊಂದಲಿಲ್ಲ. ಹಾಗಾದಾಗ ನಮ್ಮಲ್ಲಿ 'ಕುರಿ ಜಿಗಿತ' ನಡೆಯುತ್ತದೆ. ಎಲ್ಲರನ್ನೂ ಹೊರಗಟ್ಟುತ್ತಾರೆ, ಹೌದು ಎನ್ನುವವರು ಬಲಬಾಗಿಲಿಂದ, ಬೇಡ ಎನ್ನುವವರು ಎಡಬಾಗಿಲಿಂದ ಒಳಬರಬೇಕು, ಹೊಸ್ತಿಲಲ್ಲಿ ತಲೆ ಎಣಿಸುತ್ತಾರೆ. ಅಧ್ಯಕ್ಷರು ಗಂಟೆ ಬಾರಿಸಿದ ಮೇಲೆ ಬಂದವರು ಲೆಕ್ಕಕ್ಕಿಲ್ಲ.

ನನ್ನವರು ಎಡಬಾಗಿಲಲ್ಲಿ ಕಂಡರು. ಅಬ್ಬಾ ಎಂದೆ. ಅಷ್ಟರಲ್ಲಿ ಕೋಲೂರಿಕೊಂಡು ಮುದುಕಿ ಸದಸ್ಯೆ ಹಾಬಿಶ್ಟಮ್ಮ ಬಂದರು. ನನ್ನವರು ಟೊಪ್ಪಿ ತೆಗೆದು, ಬಾಗಿಲು ಹಿಡಿದು, "ದಯಮಾಡಿ, ತಾವು ಮೊದಲು" ಎಂದರು. ಆಕೆ ಒಳಬಂದರು. ಹಿಂದೆ ಇನ್ನೊಬ್ಬರು, ಅವರಿಗೂ ಬಾಗಿಲು ಹಿಡಿದರು. ಮತ್ತೊಬ್ಬರು, ಅವರಿಗೂ. ಎಲ್ಲರೂ ಒಳಬಂದರು, ಇವರು ಮಾತ್ರ ಹಿಡಿ ಬಿಡಲಿಲ್ಲ. ಒಂದೇ ಹೆಜ್ಜೆ ರೀ, ಇಡಿ ಎಂದು ನನ್ನ ಜೀವ ಬಡಿದುಕೊಂಡಿತು. ಗಂಟೆ ಬಾರಿಸಿತು. ಜವಾನ ಬಾಗಿಲೆಳೆದ. ಇವರು ಆಚೆಯೇ ಉಳಿದರು.

ಒಂದು ಮತದಿಂದ ಮಂತ್ರಿಮಂಡಲ ಗೆದ್ದಿತು. ಇವರು ಒಳಬಂದು ಸಮವಾಗಿದ್ದರೂ ಬೀಳುತ್ತಿತ್ತು.

ಮೆಟ್ಟಿಲ ಬಳಿ ಸಿಕ್ಕಾಗ ಬೆವರೊರೆಸಿಕೊಳ್ಳುತ್ತಿದ್ದರು. "ಏನ್ಮಾಡ್ಲೇ ವಾಲ್ಬುರ್ಗಾ, ವಯಸ್ಸಾದೋರು ಬರುವಾಗ ನುಗ್ಗೋಕಾಗುತ್ತಾ? ಮರ್ಯಾದೆ ಅಂತ ಒಂದಿದೆ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ನನ್ನ ಮೈ ಉರಿದುಹೋಯಿತು.

"ಕೈಹಿಡಿದು ಮೂವತ್ತು ವರ್ಷ ಆಯ್ತು. ನನಗೆ ಒಂದಿನ ಬಾಗಿಲು ಹಿಡಿದಿದ್ದೀರೇನ್ರೀ?"

ಅವರು ಟೊಪ್ಪಿ ಹಾಕಿಕೊಂಡರು. ನಾನು ಅವರ ಕಾರು ಹತ್ತದೆ ಟ್ರಾಮಿನಲ್ಲಿ ಮಗಳ ಮನೆಗೆ ಹೋದೆ. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಅಳಿಯ ಒಲೆಗೆ ಕಾಗದ ಹಾಕುತ್ತಿದ್ದ, ಇರ್ಮೇಲಾ ಪೆಟ್ಟಿಗೆಗೆ ಬಟ್ಟೆ ತುಂಬುತ್ತಿದ್ದಳು. ತಲೆಯೆತ್ತದೆ ಕೇಳಿದಳು:

"ಅಮ್ಮ, ಅಪ್ಪ ಯಾವ ಬಾಗಿಲಿಂದ ಬಂದ್ರು?"

"ಬರ್ಲೇ ಇಲ್ಲ ಕಣೇ," ಎಂದೆ.