ಅರ್ಧಮ್ಮನ ನಾಲ್ಕು ಟ್ಯಾಂಕು

ಹಸಿರು ಬಣ್ಣ ಒಣಗಿತೋ ಇಲ್ಲವೋ, ಮುಟ್ಟಬಾರದು, ಮುಟ್ಟಬಾರದು ಅಂದುಕೊಳ್ಳುತ್ತಲೇ ಅವಳ ಕಿರುಬೆರಳು ಟ್ಯಾಂಕಿನ ಬೆನ್ನಿಗೆ ತಾಗಿಯೇಬಿಟ್ಟಿತು — ಒಣಗಿದೆ, ದೇವರು ದೊಡ್ಡವನು — ಹಲ್ಲಿನ ಆಸ್ಪತ್ರೆಯ ಕಿಟಕಿಕಟ್ಟೆಯ ಮೇಲೆ ಯಾರದೋ ಮೇಲ್ದವಡೆ, ಯಾರದೋ ಕೆಳದವಡೆಯ ಅಚ್ಚುಗಳು, ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ ನಾಲ್ಕು ಆಟದ ಬ್ರಿಟಿಷ್ ಯುದ್ಧಟ್ಯಾಂಕು, ಹತ್ತು ವರ್ಷದಿಂದ ಊರವರಿಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟ ಕೈ ಈಗ ಸೈನ್ಯ ಕಟ್ಟುತ್ತಿದೆ, ಸೈನ್ಯ! ನಗು ಬರುತ್ತದೆ, ನಗಬಾರದು, ನಕ್ಕರೆ ಕೈ ಅಲ್ಲಾಡುತ್ತದೆ, ಬಿಳಿ ನಕ್ಷತ್ರ ಅಂಟಿಸುವುದಿನ್ನೂ ಬಾಕಿ, ಐದು ಗಂಟೆಗೆ ಕ್ಲಬ್ಬಿನ ಯುದ್ಧದಾಟದ ಮೇಜಿನ ಮೇಲೆ ಭಾವನ ಎದುರು ಮೊದಲ ಯುದ್ಧ, ಬಣ್ಣ ಪೂರ್ತಿಯಾಗದ ಟ್ಯಾಂಕು ಆ ಮೇಜು ಹತ್ತುವಂತಿಲ್ಲ, ಭಾವನೇ ಬರೆದು ಗೋಡೆಗೆ ಅಂಟಿಸಿದ ನಿಯಮ ಅದು — ನಾಲ್ಕೂ ಮುಗೀಬೇಕು ಅರ್ಧಮ್ಮ, ಮೂರೂವರೆ ನಡೆಯಲ್ಲ ಅಂದಿದ್ದರು. ಅರ್ಧಮ್ಮ! ಅಕ್ಕನ ಮದುವೆಯಾದ ವರ್ಷವೇ ಭಾವ ಇಟ್ಟ ಹೆಸರು, ಒಂದೇ ತೋಳಿನ ಸ್ವೆಟರು ಹೆಣೆದು ಬಿಟ್ಟಿದ್ದಕ್ಕೆ, ಆಮೇಲೆ ಗಿಟಾರು, ಆಮೇಲೆ ಈಜು, ಪುರಾವೆ ಸಿಗುತ್ತಲೇ ಹೋಯಿತು, ಅಕ್ಕ ನಗುತ್ತಾಳೆ, ಅವಳೂ ಜೊತೆಗೆ ನಗುತ್ತಾಳೆ, ಆದರೆ ಚುಚ್ಚುತ್ತದೆ, ಪ್ರತಿಸಲವೂ ಚುಚ್ಚುತ್ತದೆ, ಇವತ್ತು ಆ ಹೆಸರನ್ನು ಮಣ್ಣು ಮಾಡಿಯೇ ಮನೆಗೆ ಹೋಗುವುದು.

ಬ್ರಿಟಿಷರೇ ಯಾಕೆ, ರಷ್ಯನ್ನರದ್ದು ತಗೋ, ರಾಶಿ ಟ್ಯಾಂಕು ಇರುತ್ತೆ, ಹತ್ತು ಕಳ್ಕೊಂಡ್ರೂ ಗೊತ್ತಾಗಲ್ಲ ಅಂದಿದ್ದರು ಭಾವ, ಹನ್ನೊಂದು ವರ್ಷದಿಂದ ಜರ್ಮನ್ ಸೈನ್ಯ ಸಾಕಿದವರ ಬಡಾಯಿ, ಅವಳು ಸೊಪ್ಪು ಹಾಕಲಿಲ್ಲ, ಬ್ರಿಟಿಷರೇ ಬೇಕು, ಆ ಉದ್ದ ನಳಿಗೆಗಾಗಿ — ಮೂರು ಟ್ಯಾಂಕಿನ ಫಿರಂಗಿ ಗಿಡ್ಡ, ನಾಲ್ಕನೆಯದರದ್ದು ಮಾತ್ರ ಮೊಳದುದ್ದ ಅನ್ನಿಸುವಷ್ಟು ಉದ್ದ, ಭಾವನ ಟೈಗರ್ ಟ್ಯಾಂಕಿಗೆ ಎದುರೆದುರೇ ಹೊಡೆಯಬಲ್ಲದ್ದು ಅದೊಂದೇ, ಅದಕ್ಕೇ ಎರಡನೇ ಮಹಾಯುದ್ಧದಲ್ಲಿ ಶತ್ರು ಮೊದಲು ಹುಡುಕುತ್ತಿದ್ದದ್ದೂ ಅದನ್ನೇ, ಆ ಕಾಲದ ಬ್ರಿಟಿಷ್ ಸಿಪಾಯಿಗಳೋ ನಳಿಗೆಯ ಮುಂದಿನ ಅರ್ಧಕ್ಕೆ ಕೆಳಗಿನಿಂದ ಬಿಳಿ ಬಳಿದು, ದೂರಕ್ಕೆ ಗಿಡ್ಡ ಕಾಣುವ ಹಾಗೆ ಮಾಡಿ ಚಳ್ಳೆಹಣ್ಣು ತಿನ್ನಿಸುತ್ತಿದ್ದರಂತೆ, ಓದಿದ ದಿನ ಖುಷಿಗೆ ಅವಳಿಗೆ ಊಟ ಸೇರಲಿಲ್ಲ, ಬಿಳಿ! ಹಲ್ಲಿಗೆ ಹದಿನಾರು ಬಗೆಯ ಬಿಳಿ ಕಲೆಸುವವಳಿಗೆ ಬಿಳಿ ಹೇಳಿಕೊಡಬೇಕೇ, ಬಳಿದೂ ಆಯಿತು, ಎಷ್ಟು ಚೆಂದ, ಇನ್ನು ತುದಿಗೊಂದು ಸಣ್ಣ ತೂತು ಕೊರೆದರೆ ನಿಜದ ಫಿರಂಗಿಯೇ, ಹಲ್ಲು ಕೊರೆಯುವ ಯಂತ್ರ ಇಲ್ಲೇ ಇದೆಯಲ್ಲ, ಮೆಲ್ಲಗೆ, ಇನ್ನೂ ಮೆಲ್ಲಗೆ — ಟಿಕ್. ನಳಿಗೆ ಬುಡದಲ್ಲಿ ಮುರಿದು ಮೇಜಿನ ಮೇಲೆ, ಮೂರೂವರೆ, ಸರಿಯಾಗಿ ಮೂರೂವರೆ ಟ್ಯಾಂಕು, ಯಾಕೆ ಬೇಕಿತ್ತು ಆ ತೂತು, ಯಾರು ಕೇಳಿದ್ದರು, ತಲೆನೋವು ಅಂತ ಫೋನು ಮಾಡಿಬಿಡಲೇ, ಈಜಿಗೂ ಹೀಗೇ ತಲೆನೋವೇ ಬಂದಿತ್ತು, ಭಾವ ಏನೂ ಅನ್ನುವುದಿಲ್ಲ, ನಗುತ್ತಾರೆ ಅಷ್ಟೇ, ಆ ನಗು ಬೇಡ — ಏನಮ್ಮಾ, ಆ ಮುರಿದ ಹಲ್ಲು ಕೂರಿಸಿ ಆಯ್ತಾ, ಪಕ್ಕದ ಕೋಣೆಯಿಂದ ಡಾಕ್ಟರಮ್ಮ, ಆಯ್ತು ಮೇಡಂ, ಬೆಳಿಗ್ಗೆಯೇ ಆಯ್ತು, ಒಳಗೆ ತಂತಿ ಕೊಟ್ಟು ಕೂರಿಸಿದೆ ಅನ್ನುತ್ತಾ ಅನ್ನುತ್ತಾ ನಿಂತುಬಿಟ್ಟಳು, ತಂತಿ, ಅಯ್ಯೋ ಪೆದ್ದಿ, ತಂತಿ! ಬುಡಕ್ಕೊಂದು ತೂತು, ಮುರಿದ ತುದಿಗೊಂದು ತೂತು, ನಡುವೆ ಎಳೆಯಷ್ಟು ಉಕ್ಕಿನ ತಂತಿ, ಹನಿ ಅಂಟು, ಉಸಿರು ಬಿಗಿಹಿಡಿದು ನೂರೆಣಿಕೆ, ಬಿರುಕಿನ ಮೇಲೆ ಹಸಿರು, ನಕ್ಷತ್ರ ನಾಲ್ಕಕ್ಕೂ, ಇನ್ನು ಮುರಿದರೆ ಟ್ಯಾಂಕೇ ಮುರಿಯಬೇಕು, ನಳಿಗೆ ಅಲ್ಲ.

ಐದಕ್ಕೆ ಕ್ಲಬ್ಬಿನಲ್ಲಿ ಭಾವ ಒಂದೊಂದನ್ನೂ ಎತ್ತಿ ತಲೆಕೆಳಗು ಮಾಡುತ್ತಾರೆ, ಚಕ್ರದ ಸಂದಿಯಲ್ಲಿ ಬಣ್ಣ ತಪ್ಪಿದೆಯೇ ಅಂತ ಕನ್ನಡಕ ಏರಿಸಿ ನೋಡುತ್ತಾರೆ, ಎಲ್ಲೂ ತಪ್ಪಿಲ್ಲ, ಹೂಂ ಅನ್ನುತ್ತಾರೆ, ಬರೀ ಹೂಂ, ಅವಳಿಗೆ ಕುಣಿಯಬೇಕು ಅನ್ನಿಸುತ್ತಿದೆ, ಮೇಜಿನ ಆ ತುದಿಗೆ ಅವರು ಹೋಗಿ ನಿಂತ ಮೇಲೆ ನಾಲ್ಕನ್ನೂ ಮೇಜಿನ ಮೇಲಿನ ಪುಟ್ಟ ಬೇಲಿಯ ಹಿಂದೆ ಸಾಲಾಗಿ ಇಟ್ಟಳು, ಮುಖ ಅವರತ್ತ, ಭಾವ ಮಂಡಿಯೂರಿ ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ದಿಟ್ಟಿಸುತ್ತಿದ್ದಾರೆ, ಯಾವುದದು, ಉದ್ದ ನಳಿಗೆಯದ್ದು ಯಾವುದು? ಹುಡುಕಿ ಭಾವ, ನಿಮ್ಮದೇ ಸರದಿ. ಈ ಮೇಜಿನ ಮೇಲೆ ಅವರ ಟೈಗರ್ ಮುಂದಕ್ಕಲ್ಲದೆ ಬೇರೆಲ್ಲೂ ಹೋದದ್ದಿಲ್ಲ, ಎದುರು ಅಂಚೆಯವರಿರಲಿ, ಮೇಷ್ಟ್ರಿರಲಿ, ಯಾರೇ ಆಟಕ್ಕೆ ನಿಂತಿರಲಿ, ಸೀದಾ ನಡುರಸ್ತೆಗೆ, ಈಗಲೂ ಬೆರಳು ಬರುತ್ತಿದೆ, ಹಿಂದಿನಿಂದ ತಳ್ಳಲಿಕ್ಕೆ — ಇಲ್ಲ, ಹಿಂದಲ್ಲ, ಬೆರಳು ಸುತ್ತಿ ಬಂದು ಟೈಗರಿನ ಮೂತಿಯ ಮೇಲೆ ಕೂತಿತು, ಹಿಂದಕ್ಕೆ, ಅವರು ಅರ್ಧಮ್ಮ ಅನ್ನುತ್ತಿಲ್ಲ, ನಗುತ್ತಿಲ್ಲ, ಯಾವುದು ಹೊಡೆದೀತೋ ತಿಳಿಯದೆ ಎರಡು ಇಂಚು ಹಿಂದಕ್ಕೆ, ಪುಟ್ಟ ಗೋಡೆಯ ಮರೆಗೆ, ಟೈಗರಿನ ಮೂತಿಯ ಮೇಲೆ ಭಾವನ ಬೆರಳು, ಹಿಂದಕ್ಕೆ —